ಎತ್ತರದ ಬೂಟಿನ ಕತೆ: ತಡವಾಗಿ ಬಂದ ಒಂದು ತಿದ್ದುಪಡಿ

ಇದು ನಿಜವಾಗಿ ಒಂದು ತಿದ್ದುಪಡಿ. ಪತ್ರಿಕೆಯ ಮೂಲೆಯಲ್ಲಿ ಮೂರು ಸಾಲಿನಲ್ಲಿ ಮುಗಿಯಬೇಕಾಗಿತ್ತು. ಅಲ್ಲಿ ಜಾಗ ಸಿಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಗೆಳೆಯರು ಸಹಿಸಿಕೊಳ್ಳಬೇಕು.

ಎರಡು ವರ್ಷದ ಹಿಂದೆ ಮಾರ್ಚ್ 27ರ ವಿಶ್ವ ರಂಗಭೂಮಿ ದಿನಕ್ಕೆ ನಾನೊಂದು ಬಾಕ್ಸ್ ಐಟಂ ಕಳಿಸಿದ್ದೆ. ಅದರಲ್ಲಿ ಹೀಗೊಂದು ವಾಕ್ಯವಿತ್ತು: ಪ್ರಾಚೀನ ಗ್ರೀಸಿನ ರುದ್ರನಾಟಕಗಳಲ್ಲಿ ನಟರು ದೇವಮಾನವರಂತೆ ಕಾಣಲು ಅರ್ಧ ಅಡಿ ಎತ್ತರದ ಅಟ್ಟೆಯಿರುವ ಬೂಟು ಹಾಕುತ್ತಿದ್ದರು. ಇದು ನನ್ನ ಡಿಪ್ಲೊಮಾ ಕಾಲದ ನೋಟ್ಸಿನಲ್ಲಿ ಇತ್ತು. ನೋಟ್ಸಿಗೆ ಒಂದು ಗೈಡಿನಿಂದ ಬಂದಿತ್ತು. ಗೈಡಿಗೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಸಂಜೆ ಆರಕ್ಕೆ ಡೆಸ್ಕಿನವರು ಫೋನ್ ಮಾಡಿ ‘ನೂರು ಪದ ಬೇಕು’ ಅಂದಾಗ ಯಾರು ಕೇಳುತ್ತಾರೆ?

ಈ ವರ್ಷ ನಮ್ಮ ತಾಲ್ಲೂಕಿನ ಒಂದು ಕಾಲೇಜಿನ ಹುಡುಗರು ಬಿ.ಎಂ. ಶ್ರೀಕಂಠಯ್ಯನವರ ‘ಪಾರಸಿಕರು’ ಎತ್ತಿಕೊಂಡರು. ಈಸ್ಕಿಲಸ್‌ನ ನಾಟಕವನ್ನು ಶ್ರೀಯವರು 1935ರಲ್ಲಿ ಕನ್ನಡಕ್ಕೆ ತಂದದ್ದು. ಅದರಲ್ಲಿ ಸತ್ತುಹೋದ ದೊರೆ ದಾರಿಯಸ್‌ನ ಪ್ರೇತ ಸಮಾಧಿಯಿಂದ ಮೇಲೆದ್ದು ಬರುವ ದೃಶ್ಯವಿದೆ. ಆ ಪಾತ್ರದ ಹುಡುಗ ನನ್ನ ಬಾಕ್ಸ್ ಐಟಂ ಕತ್ತರಿಸಿ ಇಟ್ಟುಕೊಂಡಿದ್ದ. ಹಳೇ ಚಪ್ಪಲಿಗೆ ಮರದ ತುಂಡು ಬಡಿದು ಎತ್ತರ ಮಾಡಿಕೊಂಡ. ತಾಲೀಮಿನಲ್ಲಿ ಸಮಾಧಿಯ ಮೆಟ್ಟಿಲು ಹತ್ತುವಾಗ ಕಾಲು ಹೊರಳಿ ಬಿದ್ದ. ಪಾದದ ಗೆಣ್ಣಿಗೆ ಪ್ಲಾಸ್ಟರ್ ಬಿತ್ತು.

ನಾಟಕ ಕಲಿಸುತ್ತಿದ್ದ ನಿವೃತ್ತ ಮೇಷ್ಟ್ರು ನನಗೆ ಫೋನ್ ಮಾಡಿದರು. ಬೈಯಲಿಲ್ಲ. “ಏನಪ್ಪಾ, ಅದನ್ನ ಬರ್ದಿದ್ದು ನೀನೇ ಅಂತಲ್ಲ? ಒಂದು ಮಾತು ಕೇಳ್ತೀನಿ ಹೇಳು. ಆ ಕಾಲದ ನಾಟಕದಲ್ಲಿ ಕುಣಿತ ಇತ್ತು, ಹಾಡಿತ್ತು, ಮೊಣಕಾಲೂರಿ ಬೇಡೋದಿತ್ತು. ಇಷ್ಟೆಲ್ಲ ಮಾಡೋನು ಕಾಲಿಗೆ ಮರ ಕಟ್ಕೊಂಡು ನಿಲ್ತಾನೇನಪ್ಪಾ?” ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. “ನೋಡಿ ಹೇಳ್ತೀನಿ ಮೇಷ್ಟ್ರೇ” ಎಂದೆ. ನೋಡಿದ್ದು ಇಲ್ಲಿದೆ.

ಮೆತ್ತನೆಯ ಬೂಟು

ಆ ಬೂಟಿನ ಗ್ರೀಕ್ ಹೆಸರು ಕೊಥೊರ್ನೊಸ್. ಲ್ಯಾಟಿನ್ನಿನಲ್ಲಿ ಕೊಥರ್ನಸ್. ಇಂಗ್ಲಿಷಿನವರು ಬಸ್ಕಿನ್ ಎಂದರು. ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನ ಜನರಿಗೆ ಈ ಪದ ಕೇಳಿದರೆ ಎತ್ತರದ ನೆನಪು ಬರುತ್ತಲೇ ಇರಲಿಲ್ಲ. ಅವರಿಗೆ ಅದು ಮೀನಖಂಡದ ತನಕ ಬರುವ, ಮೆತ್ತನೆ ಚರ್ಮದ, ಸಡಿಲವಾದ ಬೂಟು. ಎಡ ಬಲ ಎಂಬ ಭೇದ ಇಲ್ಲ, ಯಾವ ಕಾಲಿಗೆ ಯಾವುದನ್ನು ಬೇಕಾದರೂ ತೂರಿಸಬಹುದು. ಹೆಚ್ಚಾಗಿ ಹೆಂಗಸರು ಹಾಕುವಂಥದ್ದು, ಪೂರ್ವದೇಶದ ಸುಖವಂತರ ಉಡುಪು ಎಂಬ ಭಾವನೆಯೂ ಇತ್ತು.

ಇದಕ್ಕೆ ಒಳ್ಳೆಯ ಸಾಕ್ಷಿ ಹೆರೊಡೊಟಸ್. ಅವನು ಹೇಳುವ ಒಂದು ಕತೆ: ಲಿಡಿಯಾ ದೇಶದ ದೊರೆ ಕ್ರೀಸಸ್ ಮಹಾ ಶ್ರೀಮಂತ. ತನಗೆ ಉಪಕಾರ ಮಾಡಿದ ಅಥೆನ್ಸಿನ ಆಲ್ಕ್‌ಮಿಯಾನ್ ಎಂಬುವನಿಗೆ ‘ನನ್ನ ಭಂಡಾರಕ್ಕೆ ಹೋಗು, ಒಂದು ಸಲಕ್ಕೆ ಮೈಮೇಲೆ ಎಷ್ಟು ಚಿನ್ನ ಹೊರಬಲ್ಲೆಯೋ ಅಷ್ಟು ನಿನ್ನದು’ ಎಂದ. ಆಲ್ಕ್‌ಮಿಯಾನ್ ದೊಗಳೆ ನಿಲುವಂಗಿ ತೊಟ್ಟ, ಸಿಕ್ಕಿದ್ದರಲ್ಲೇ ಅತಿ ಅಗಲದ ಕೊಥೊರ್ನೊಸ್ ಹುಡುಕಿ ಹಾಕಿಕೊಂಡ. ಬೂಟಿನೊಳಗೆ ಕಾಲಿನ ಸುತ್ತ ಚಿನ್ನದ ಪುಡಿ ತುರುಕಿದ, ಅಂಗಿಯ ಮಡಿಲಿಗೆ ತುಂಬಿದ, ತಲೆಗೂದಲಿಗೆ ಉದುರಿಸಿಕೊಂಡ, ಬಾಯಿಗೂ ಒಂದಿಷ್ಟು ಹಾಕಿಕೊಂಡು ಬೂಟು ಎಳೆಯುತ್ತಾ ಹೊರಬಂದ. ಕ್ರೀಸಸ್ ಬಿದ್ದು ಬಿದ್ದು ನಕ್ಕು ಅಷ್ಟೇ ಚಿನ್ನ ಮತ್ತೆ ಕೊಟ್ಟನಂತೆ. ಕತೆ ನಡೆದಿತ್ತೋ ಇಲ್ಲವೋ, ಅದು ಬೇರೆ ಮಾತು. ಕೇಳುವವರಿಗೆ ಕತೆ ಅರ್ಥವಾಗಬೇಕಾದರೆ ಆ ಬೂಟು ಅಗಲ, ಸಡಿಲ ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಅದೇ ಹೆರೊಡೊಟಸ್‌ನಲ್ಲಿ ಇನ್ನೊಂದು ಪ್ರಸಂಗ. ಪರ್ಷಿಯಾದ ಸೈರಸ್ ಲಿಡಿಯಾ ಗೆದ್ದ ಮೇಲೆ ಅಲ್ಲಿನ ಜನ ದಂಗೆ ಎದ್ದರು. ಸೈರಸ್ ಅವರನ್ನೆಲ್ಲ ಗುಲಾಮರಾಗಿ ಮಾರಲು ಹೊರಟಾಗ, ಸೆರೆಯಲ್ಲಿದ್ದ ಕ್ರೀಸಸ್ ತನ್ನ ಜನರನ್ನು ಉಳಿಸಲು ಒಂದು ಉಪಾಯ ಹೇಳಿದ: ಆಯುಧ ಕಿತ್ತುಕೋ, ಮೆತ್ತನೆ ಅಂಗಿ ಮತ್ತು ಕೊಥೊರ್ನೊಸ್ ಹಾಕಿಸು, ಮಕ್ಕಳಿಗೆ ವಾದ್ಯ ನುಡಿಸುವುದನ್ನೂ ಅಂಗಡಿ ವ್ಯಾಪಾರವನ್ನೂ ಕಲಿಸು; ಇನ್ನು ಮುಂದೆ ಅವರು ದಂಗೆ ಏಳುವುದಿಲ್ಲ. ಹೆಂಗಸರಂತೆ ಆಗುತ್ತಾರೆ ಎಂಬುದು ಅವನ ಮಾತಿನ ಧಾಟಿ. ಇವತ್ತು ನಾವು ಒಪ್ಪುವ ಮಾತಲ್ಲ. ಆದರೆ ಬೂಟಿನ ಬಗ್ಗೆ ಅಂದಿನವರಿಗೆ ಏನು ಅನಿಸುತ್ತಿತ್ತು ಎಂಬುದಕ್ಕೆ ಪುರಾವೆ.

ರಾಜಕೀಯದ ವರದಿ ಬರೆಯುವ ನಮಗೆ ಇಷ್ಟವಾಗುವ ಮೂರನೆಯ ಸಾಕ್ಷಿಯೂ ಇದೆ. ಅಥೆನ್ಸಿನಲ್ಲಿ ಥೆರಮೆನಿಸ್ ಎಂಬ ರಾಜಕಾರಣಿ ಇದ್ದ. ಕ್ರಿ.ಪೂ. 411ರಲ್ಲಿ ಪ್ರಜಾಪ್ರಭುತ್ವ ಉರುಳಿಸಿ ನಾನೂರು ಜನರ ಆಡಳಿತ ತರಲು ಕೈಹಾಕಿದ, ಆಮೇಲೆ ಅದನ್ನೇ ಬೀಳಿಸಲು ಸೇರಿದ. 404ರಲ್ಲಿ ಮೂವತ್ತು ಜನರ ಕ್ರೂರ ಆಡಳಿತದಲ್ಲಿ ತಾನೂ ಒಬ್ಬನಾದ, ಅಲ್ಲಿಯೂ ಭಿನ್ನಮತ ತೆಗೆದ. ಜನ ಅವನಿಗೆ ಇಟ್ಟ ಅಡ್ಡಹೆಸರು ‘ಕೊಥೊರ್ನೊಸ್’. ಎರಡೂ ಕಾಲಿಗೆ ಹೊಂದುವವನು! ಅವನ ಮೇಲೆ ಆರೋಪ ಹೊರಿಸಿದ ಕ್ರಿಟಿಯಸ್ ಸಭೆಯಲ್ಲೇ ಈ ಹೆಸರು ಎತ್ತಿ ಹಂಗಿಸಿದ್ದನ್ನು ಕ್ಸೆನೊಫನ್ ದಾಖಲಿಸಿದ್ದಾನೆ. ಕೊನೆಗೆ ಥೆರಮೆನಿಸ್‌ಗೆ ವಿಷ ಕುಡಿಸಿದರು. ನಮ್ಮಲ್ಲಿ ಪಕ್ಷಾಂತರಿಗಳಿಗೆ ಇರುವ ಬಿರುದುಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬಹುದು.

ಈ ಮೂರರಲ್ಲಿ ಎಲ್ಲಿಯೂ ಎತ್ತರದ ಸುದ್ದಿ ಇಲ್ಲ.

ನಾಟಕಗಳು ಹೇಳುವುದೇನು?

ಹಾಗಾದರೆ ರಂಗದ ಮೇಲೆ? ಕ್ರಿ.ಪೂ. 405ರ ಅರಿಸ್ಟೋಫನೀಸ್‌ನ ‘ಕಪ್ಪೆಗಳು’ ಪ್ರಹಸನದಲ್ಲಿ ನಾಟಕದ ದೇವರು ಡಯೊನೈಸಸ್‌ನೇ ಕೊಥೊರ್ನೊಸ್ ಹಾಕಿಕೊಂಡು ಬರುತ್ತಾನೆ. ಕೇಸರಿ ಬಣ್ಣದ ಹೆಂಗಸರ ನಿಲುವಂಗಿ, ಅದರ ಮೇಲೆ ಶೂರ ಹೆರಾಕ್ಲಿಸ್‌ನ ಹಾಗೆ ಸಿಂಹದ ಚರ್ಮ, ಕೈಯಲ್ಲಿ ಗದೆ, ಕಾಲಲ್ಲಿ ಈ ಮೆತ್ತನೆ ಬೂಟು. ಅಸಲಿ ಹೆರಾಕ್ಲಿಸ್‌ಗೆ ನಗು ತಡೆಯಲಾಗುವುದಿಲ್ಲ. ಗದೆಗೂ ಈ ಬೂಟಿಗೂ ಎಲ್ಲಿಯ ಸಂಬಂಧ ಎಂಬುದೇ ಅಲ್ಲಿನ ತಮಾಷೆ. ಬೂಟು ಭವ್ಯತೆಯ ಗುರುತಾಗಿದ್ದರೆ ಆ ತಮಾಷೆ ನಿಲ್ಲುತ್ತಿರಲಿಲ್ಲ.

ರುದ್ರನಾಟಕಗಳಿಗೆ ಬರೋಣ. ಕ್ರಿ.ಪೂ. 458ರ ಈಸ್ಕಿಲಸ್‌ನ ‘ಅಗಮೆಮ್ನಾನ್’ ನಾಟಕದಲ್ಲಿ ಯುದ್ಧ ಗೆದ್ದು ಬಂದ ದೊರೆಯ ಮುಂದೆ ಹೆಂಡತಿ ಬೆಲೆಬಾಳುವ ಕೆನ್ನೀಲಿ ಬಟ್ಟೆ ಹಾಸುತ್ತಾಳೆ. ತುಳಿಯಲು ಅವನಿಗೆ ಅಂಜಿಕೆ. ಕೊನೆಗೆ ಒಪ್ಪಿ, ಯಾರಾದರೂ ನನ್ನ ಬೂಟು ಬಿಚ್ಚಿ ಎನ್ನುತ್ತಾನೆ. ಬರಿಗಾಲಲ್ಲಿ ನಡೆದು ಒಳಗೆ ಹೋಗುತ್ತಾನೆ, ಅಲ್ಲಿ ಅವನ ಕೊಲೆಯಾಗುತ್ತದೆ. ಸಾವಿರಾರು ಜನ ನೋಡುತ್ತಿರುವಾಗ ರಂಗದ ಮೇಲೆಯೇ ಬೂಟು ಕಳಚಬೇಕು. ಅರ್ಧ ಅಡಿ ಎತ್ತರದಿಂದ ಕೆಳಗಿಳಿದು ದೊರೆ ಇದ್ದಕ್ಕಿದ್ದಂತೆ ಗಿಡ್ಡನಾಗಿಬಿಟ್ಟರೆ? ಅದೂ ಸಾವಿಗೆ ಹೋಗುವ ಹೊತ್ತಿನಲ್ಲಿ?

ಕ್ರಿ.ಪೂ. 408ರ ಯೂರಿಪಿಡೀಸ್‌ನ ‘ಒರೆಸ್ಟಿಸ್’ ನಾಟಕದಲ್ಲಿ ಹುಚ್ಚಿನ ಹೊಡೆತಕ್ಕೆ ಸಿಕ್ಕ ತಮ್ಮ ಆಗಷ್ಟೇ ಕಣ್ಣು ಮುಚ್ಚಿದ್ದಾನೆ. ಅಕ್ಕ ಎಲೆಕ್ಟ್ರಾ ಪಕ್ಕದಲ್ಲಿ ಕೂತಿದ್ದಾಳೆ. ಊರಿನ ಹೆಂಗಸರ ಮೇಳ ಬರುತ್ತದೆ. ಹೆಜ್ಜೆ ಸದ್ದಾಗದಂತೆ ಬನ್ನಿ, ಬೂಟು ಮೆಲ್ಲಗೆ ಊರಿ ಎಂದು ಬೇಡುವ ಹಾಡು ಅಲ್ಲಿದೆ. ಮರದ ಅಟ್ಟೆ ಕಟ್ಟಿಕೊಂಡು ಆ ಹಾಡಿಗೆ ಹೆಜ್ಜೆ ಹಾಕಿದರೆ ಮಲಗಿದವನು ಮಾತ್ರವಲ್ಲ, ಊರೇ ಎದ್ದು ಕೂರುತ್ತದೆ.

ಕಣ್ಣಿಗೆ ಕಾಣುವ ಸಾಕ್ಷಿಯೂ ಇದೆ. ಕ್ರಿ.ಪೂ. 440-430ರ ಸುಮಾರಿನ ಒಂದು ಅಥೆನ್ಸ್ ಹೂಜಿ ಈಗ ಅಮೆರಿಕದ ಬಾಸ್ಟನ್ ಕಲಾ ಸಂಗ್ರಹಾಲಯದಲ್ಲಿದೆ. ಮೇಳದ ಇಬ್ಬರು ನಟರು ವೇಷ ಕಟ್ಟುತ್ತಿರುವ ಚಿತ್ರ ಅದರ ಮೇಲೆ. ಒಬ್ಬ ಬಗ್ಗಿ ಬೂಟು ಎಳೆದುಕೊಳ್ಳುತ್ತಿದ್ದಾನೆ. ಬೂಟು ಕಾಲಿಗೆ ಅಂಟಿಕೊಳ್ಳುವಷ್ಟು ಮೆತ್ತಗಿದೆ. ಇನ್ನೊಂದು 1835ರಲ್ಲಿ ದಕ್ಷಿಣ ಇಟಲಿಯ ರೂವೊ ಎಂಬಲ್ಲಿ ಸಿಕ್ಕ ದೊಡ್ಡ ಹೂಜಿ, ಈಗ ನೇಪಲ್ಸ್ ಸಂಗ್ರಹಾಲಯದಲ್ಲಿದೆ. ಕೊಳಲಿನಂಥ ವಾದ್ಯ ಊದುವ ಪ್ರೊನೊಮಸ್‌ನ ಚಿತ್ರ ಇರುವುದರಿಂದ ಅದಕ್ಕೆ ಅವನದೇ ಹೆಸರು. ಕ್ರಿ.ಪೂ. 400ರ ಸುಮಾರಿನದು. ಒಂದು ನಾಟಕ ತಂಡವೇ ಅಲ್ಲಿದೆ, ಮುಖವಾಡ ಕೈಯಲ್ಲಿ ಹಿಡಿದು ನಿಂತಿದ್ದಾರೆ. ರಾಜನ ವೇಷದವನ ಬೂಟಿಗೆ ಕಸೂತಿಯ ಅಲಂಕಾರವಿದೆ. ಅಟ್ಟೆ ಮಾತ್ರ ತೆಳ್ಳಗೆ, ನೆಲಕ್ಕೆ ಸಪಾಟ.

ಅಂದರೆ ಈಸ್ಕಿಲಸ್, ಸಾಫೊಕ್ಲಿಸ್, ಯೂರಿಪಿಡೀಸ್ ಬದುಕಿದ್ದ ಕಾಲದಲ್ಲಿ ನಟನ ಕಾಲು ನೆಲದ ಮೇಲೇ ಇತ್ತು. ಮೇಷ್ಟ್ರು ಪುಸ್ತಕ ನೋಡದೆ ಹೇಳಿದ್ದು ಸರಿಯಾಗಿತ್ತು.

ಎತ್ತರ ಬಂದದ್ದು ಯಾವಾಗ?

ನಾನು ಬರೆದದ್ದು ಪೂರ್ತಿ ಸುಳ್ಳಲ್ಲ, ಮುನ್ನೂರು ನಾನೂರು ವರ್ಷ ತಪ್ಪು. ಕ್ರಿ.ಪೂ. 2ನೇ ಶತಮಾನದ ಹೊತ್ತಿಗೆ ಶಿಲ್ಪಗಳಲ್ಲಿ ದಪ್ಪ ಅಟ್ಟೆ ಕಾಣಿಸಿಕೊಳ್ಳುತ್ತದೆ. ರೋಮನ್ನರ ಕಾಲದಲ್ಲಿ ಅದು ಇನ್ನೂ ಬೆಳೆಯಿತು. ಅಷ್ಟರಲ್ಲಿ ರಂಗಭೂಮಿಯೇ ಬದಲಾಗಿತ್ತು. ಹಳೆಯ ಅಥೆನ್ಸಿನಲ್ಲಿ ನಟರು ಮತ್ತು ಮೇಳ ಹೆಚ್ಚುಕಡಿಮೆ ಒಂದೇ ಮಟ್ಟದ ನೆಲದಲ್ಲಿ ಬೆರೆಯುತ್ತಿದ್ದರು. ಆಮೇಲೆ ನಟರಿಗೆ ಎತ್ತರದ ಕಟ್ಟೆ ಬಂತು. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕೊಡುವ ಲೆಕ್ಕದಲ್ಲಿ ಗ್ರೀಕ್ ಮಾದರಿಯ ರಂಗದ ಎತ್ತರ 10ರಿಂದ 12 ಅಡಿ, ರೋಮನ್ ರಂಗದ್ದು 5 ಅಡಿಗೆ ಮೀರಬಾರದು. ಮೇಳದ ಕುಣಿತದ ಪಾಲು ಕುಗ್ಗಿತು, ತಾರಾ ನಟನ ಪಾಲು ಹಿಗ್ಗಿತು. ಮುಖವಾಡದ ಹಣೆಯ ಮೇಲೆ ಗೋಪುರದಂತೆ ಕೂದಲು ಎದ್ದಿತು. ತಲೆ ಅಷ್ಟು ದೊಡ್ಡದಾದ ಮೇಲೆ ಮೈಗೆ ಮೆತ್ತೆ ಕಟ್ಟಬೇಕು, ಕಾಲನ್ನೂ ಎತ್ತರಿಸಬೇಕು. ಇಲ್ಲದಿದ್ದರೆ ಆಕಾರ ಹೊಂದುವುದಿಲ್ಲ.

ಇಟಲಿಯ ರಿಯೇಟಿಯಲ್ಲಿ ಸಿಕ್ಕ ದಂತದ ಒಂದು ಪುಟ್ಟ ಗೊಂಬೆ ಈಗ ಪ್ಯಾರಿಸ್ಸಿನ ಪೆಟಿ ಪ್ಯಾಲೆ ಸಂಗ್ರಹಾಲಯದಲ್ಲಿದೆ. ರುದ್ರನಾಟಕದ ನಟನ ಗೊಂಬೆ. ಎತ್ತರದ ಕೇಶ, ತೆರೆದ ಬಾಯಿ, ಉದ್ದ ನಿಲುವಂಗಿ, ಕಾಲ ಕೆಳಗೆ ಕಂಬದಂಥ ಆಧಾರ. ನಮ್ಮ ಕಣ್ಣಿಗೆ ‘ಗ್ರೀಕ್ ನಟ’ ಎಂದು ಕಟ್ಟಿಕೊಟ್ಟ ಚಿತ್ರ ಹೆಚ್ಚುಕಡಿಮೆ ಇದೇ. ಆದರೆ ಇದು ರೋಮನ್ ಸಾಮ್ರಾಜ್ಯದ ಕಾಲದ್ದು, ಸಾಫೊಕ್ಲಿಸ್ ಸತ್ತು ಎಷ್ಟೋ ನೂರು ವರ್ಷದ ಮೇಲಿನದು.

ಈ ವೇಷ ನೋಡಿ ಆ ಕಾಲದವರೇ ನಕ್ಕಿದ್ದಾರೆ, ಹೆದರಿದ್ದಾರೆ. ಫಿಲೊಸ್ಟ್ರೇಟಸ್ ಒಂದು ಕತೆ ಹೇಳುತ್ತಾನೆ: ನೀರೋ ಚಕ್ರವರ್ತಿಯ ಕಾಲದಲ್ಲಿ ಒಬ್ಬ ನಟ ದಕ್ಷಿಣ ಸ್ಪೇನಿನ ಒಂದು ಊರಿಗೆ ಹೋದ. ನಾಟಕವನ್ನೇ ಕಾಣದ ಜನ. ಎತ್ತರದ ಬೂಟು, ಬಾಯಿ ತೆರೆದ ಮುಖವಾಡ ನೋಡಿಯೇ ಅಂಜಿದ್ದರು. ಅವನು ದನಿ ಎತ್ತಿದ್ದೇ ತಡ, ದೆವ್ವ ಕೂಗಿತೆಂದು ಎದ್ದು ಓಡಿದರಂತೆ.

ಕ್ರಿ.ಶ. 2ನೇ ಶತಮಾನದ ಲೂಸಿಯನ್ ಎಂಬ ವ್ಯಂಗ್ಯ ಬರಹಗಾರ ಇನ್ನೂ ಹರಿತ. ಅವನ ಒಂದು ಬರಹದಲ್ಲಿ ದೊರೆತನದ ಸುಖದ ಬಗ್ಗೆ ಮಾತಾಡುವ ಹುಂಜವೊಂದಿದೆ. ಅದು ಕೊಡುವ ಹೋಲಿಕೆ ಹೀಗೆ: ರಾಜನ ವೇಷದ ನಟ ರಂಗದ ನಡುವೆ ಕಾಲು ಜಾರಿ ಬಿದ್ದರೆ ಏನಾಗುತ್ತದೆ? ಕಿರೀಟದ ಜೊತೆ ಮುಖವಾಡ ಒಡೆಯುತ್ತದೆ, ಒಳಗಿನ ನಿಜವಾದ ತಲೆಯಿಂದ ರಕ್ತ ಬರುತ್ತದೆ, ನಿಲುವಂಗಿ ಮೇಲೆ ಸರಿದು ಒಳಗಿನ ಚಿಂದಿ ಕಾಣುತ್ತದೆ, ಕಾಲಿಗೆ ಅಳತೆಯಿಲ್ಲದ ಆ ಕೆಟ್ಟ ಬೂಟು ಕಾಣುತ್ತದೆ, ಜನ ನಗುತ್ತಾರೆ.

ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ಪ್ಲಾಸ್ಟರ್ ಹಾಕಿಕೊಂಡು ಕೂತ ಹುಡುಗನೇ ಕಣ್ಣ ಮುಂದೆ ಬಂದ. ಈ ಬೂಟಿನ ಅಪಾಯವನ್ನು ಸುಮಾರು 1,850 ವರ್ಷದ ಹಿಂದೆಯೇ ಒಬ್ಬ ಬರೆದಿಟ್ಟಿದ್ದ, ನಾನು ಅದರ ಅಂದವನ್ನು ಮಾತ್ರ ನೂರು ಪದದಲ್ಲಿ ಬರೆದು ಕಳಿಸಿದ್ದೆ.

ರಂಗದ ಹೊರಗೆ: ಅರಸರು, ಬಿಷಪ್ಪರು

ಎತ್ತರದ ಬೂಟಿಗೂ ಅಧಿಕಾರಕ್ಕೂ ನಂಟಿತ್ತು ಎಂಬುದು ಸುಳ್ಳಲ್ಲ. ಆದರೆ ಅಲ್ಲಿ ಎತ್ತರ ಎಂದರೆ ಕಾಲ ಮೇಲೆ ಎಲ್ಲಿಯ ತನಕ ಬರುತ್ತದೆ ಎಂಬುದು, ಅಟ್ಟೆಯ ದಪ್ಪ ಅಲ್ಲ. ಜೊತೆಗೆ ಬಣ್ಣ ಮುಖ್ಯ. ಜೂಲಿಯಸ್ ಸೀಸರ್ ಕೆಲವೊಮ್ಮೆ ಎತ್ತರದ ಕೆಂಪು ಬೂಟು ಹಾಕುತ್ತಿದ್ದ ಎಂದು ಇತಿಹಾಸಕಾರ ಡಿಯೊ ಬರೆದಿದ್ದಾನೆ. ಆಲ್ಬಾ ಎಂಬ ಪ್ರಾಚೀನ ಊರಿನ ಅರಸರು ಅಂಥದ್ದು ಹಾಕುತ್ತಿದ್ದರಂತೆ, ತಾನು ಅವರ ವಂಶದವನು ಎಂದು ಸೀಸರ್ ಹೇಳಿಕೊಳ್ಳುತ್ತಿದ್ದ. ಅರಸರನ್ನು ಓಡಿಸಿ ಗಣರಾಜ್ಯ ಕಟ್ಟಿದ ರೋಮಿನಲ್ಲಿ ಅರಸನ ಬೂಟು ಹಾಕುವುದು ಸಣ್ಣ ವಿಷಯವಲ್ಲ.

ಮುಂದೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೆಂಪು ಬೂಟು ಚಕ್ರವರ್ತಿಯ ಗುರುತೇ ಆಯಿತು. ಮೊಣಕಾಲಿನ ತನಕ ಬರುವ ಕೆಂಪು ಬೂಟು ತೊಡುವ ಹಕ್ಕು ರೋಮನ್ ಚಕ್ರವರ್ತಿಗೂ ಪರ್ಷಿಯಾದ ದೊರೆಗೂ ಮಾತ್ರ ಎಂದು 6ನೇ ಶತಮಾನದ ಪ್ರೊಕೋಪಿಯಸ್ ಹೇಳುತ್ತಾನೆ. 1453ರ ಮೇ 29ರಂದು ಆ ನಗರ ಆಟೊಮನ್ ತುರ್ಕರ ವಶವಾದಾಗ, ಹೆಣಗಳ ರಾಶಿಯಲ್ಲಿ ಕೊನೆಯ ಚಕ್ರವರ್ತಿ 11ನೇ ಕಾನ್‌ಸ್ಟಂಟೈನ್‌ನನ್ನು ಅವನ ಪಾದರಕ್ಷೆ ನೋಡಿ ಗುರುತಿಸಿದರು ಎಂಬ ಕತೆ ಆಮೇಲೆ ಹುಟ್ಟಿಕೊಂಡಿತು.

ಕ್ಯಾಥೊಲಿಕ್ ಬಿಷಪ್ಪರು ವಿಶೇಷ ಪೂಜೆಯ ದಿನ ಮೊಣಕಾಲಿನವರೆಗೆ ಎಳೆದು ಕಟ್ಟುತ್ತಿದ್ದ ರೇಷ್ಮೆಯ ಕಾಲುಚೀಲಕ್ಕೂ ಇಂಗ್ಲಿಷಿನಲ್ಲಿ ಬಸ್ಕಿನ್ ಎಂದೇ ಹೆಸರು. 1205ರಲ್ಲಿ ತೀರಿಕೊಂಡ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಹ್ಯೂಬರ್ಟ್ ವಾಲ್ಟರ್‌ನ ಸಮಾಧಿಯನ್ನು 1890ರಲ್ಲಿ ತೆರೆದಾಗ ಅಂಥ ಜೋಡಿ ಸಿಕ್ಕಿತು. ರಂಗದ ಬೂಟಿಗೂ ಇದಕ್ಕೂ ನೇರ ನಂಟಿಲ್ಲ, ಇದು ರೋಮನ್ ಗಣ್ಯರ ಉಡುಪಿನಿಂದ ಇಳಿದು ಬಂದದ್ದು. ಆದರೆ ಎರಡಕ್ಕೂ ಒಂದೇ ಹೆಸರು ಅಂಟಿಕೊಂಡಿತು. ಹೆಸರು ಒಂದಾದ ಕೂಡಲೇ ವಸ್ತುವೂ ಒಂದೇ ಎಂದು ನಂಬುವುದು ಸುಲಭ.

ತಪ್ಪು ಹೇಗೆ ಉಳಿಯಿತು?

ರೋಮನ್ ಕವಿಗಳಿಗೆ ‘ಕೊಥರ್ನಸ್’ ಎಂದರೆ ರುದ್ರನಾಟಕ, ‘ಸಾಕಸ್’ ಎಂಬ ತಗ್ಗಿನ ಚಪ್ಪಲಿ ಎಂದರೆ ಪ್ರಹಸನ. ಈಸ್ಕಿಲಸ್‌ನೇ ಕೊಥರ್ನಸ್ ತೊಟ್ಟು ಗಂಭೀರವಾಗಿ ನಡೆಯುವುದನ್ನು ಕಲಿಸಿದ ಎಂದು ಹೊರೇಸ್ ಬರೆದ. ಈಸ್ಕಿಲಸ್ ಸತ್ತದ್ದು ಕ್ರಿ.ಪೂ. 456ರಲ್ಲಿ. ಹೊರೇಸ್ ಬರೆದದ್ದು ನಾನೂರಕ್ಕೂ ಹೆಚ್ಚು ವರ್ಷದ ನಂತರ. ತನ್ನ ಕಾಲದ ರಂಗದಲ್ಲಿ ಕಂಡ ಬೂಟನ್ನು ಹಿರಿಯನ ಕಾಲಿಗೆ ತೊಡಿಸಿದ. ಆಮೇಲಿನವರು ಹೊರೇಸ್‌ನನ್ನು ನೋಡಿ ಬರೆದರು. ಯುರೋಪಿನ ಪಂಡಿತರು ಅವರನ್ನೂ ಆ ದಂತದ ಗೊಂಬೆಯನ್ನೂ ನೋಡಿ ಬರೆದರು. ಹೂಜಿಗಳ ಚಿತ್ರವನ್ನು ಕೂಡಿಸಿ ನೋಡಿದ ವಿದ್ವಾಂಸರು ತಪ್ಪನ್ನು ತಿದ್ದಿ ಬಹಳ ಕಾಲವಾಯಿತು. ತಿದ್ದಿದ್ದು ಗೈಡಿನ ತನಕ ಬರಲಿಲ್ಲ. ಗೈಡಿನಿಂದ ನೋಟ್ಸಿಗೆ, ನೋಟ್ಸಿನಿಂದ ನನ್ನ ಬಾಕ್ಸ್ ಐಟಂಗೆ, ಅಲ್ಲಿಂದ ಆ ಹುಡುಗನ ಕಾಲಿಗೆ. ಈ ಸಾಲಿನಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿದವರಲ್ಲ. ಎಲ್ಲರೂ ಹಿಂದಿನವನನ್ನು ನಂಬಿದವರು. ನಮ್ಮ ಕೆಲಸದಲ್ಲಿ ಹೆಚ್ಚಿನ ತಪ್ಪುಗಳು ಆಗುವುದು ಹೀಗೆಯೇ ಅಲ್ಲವೇ?

ಕೊನೆಗೆ ಒಂದು ಮಾತು. ಉತ್ತರ ಆ ನಾಟಕದಲ್ಲೇ ಇತ್ತು. ಕ್ರಿ.ಪೂ. 472ರಲ್ಲಿ ಆಡಿದ ‘ಪಾರಸಿಕರು’ ನಾಟಕದ ಗ್ರೀಕ್ ಮೂಲದಲ್ಲಿ, ದಾರಿಯಸ್‌ನ ಪ್ರೇತವನ್ನು ಕರೆಯುವ ಮುದುಕರ ಮೇಳ ಅವನ ಕಾಲಲ್ಲಿರುವುದು ಏನು ಎಂದು ಹೇಳಿಯೇ ಹಾಡುತ್ತದೆ. ಕೇಸರಿ ಬಣ್ಣ ಅದ್ದಿದ, ಪೂರ್ವದೇಶದ ಮೆತ್ತನೆಯ ಪಾದರಕ್ಷೆ. ಆ ಪಾದ ಎತ್ತಿ ಸಮಾಧಿಯ ತುದಿಗೆ ಬಾ ಎಂಬುದು ಅವರ ಮೊರೆ. ಸಾವಿರ ಮೈಲಿ ಆಳಿದ ದೊರೆಗೆ ಈಸ್ಕಿಲಸ್ ಕೊಟ್ಟದ್ದು ಬಣ್ಣ, ಎತ್ತರವಲ್ಲ.

ಇದನ್ನು ಮೇಷ್ಟ್ರಿಗೆ ಹೇಳಿದೆ. “ಹೂಂ” ಎಂದರು ಅಷ್ಟೆ. ಹುಡುಗನ ಮನೆಗೆ ಹೋಗಿ ತಪ್ಪಾಯಿತು ಎಂದೂ ಹೇಳಿ ಬಂದೆ. ಅವನ ತಾಯಿ ಕಾಫಿ ಕೊಟ್ಟರು, ಹೆಚ್ಚು ಮಾತಾಡಲಿಲ್ಲ. ಪ್ಲಾಸ್ಟರ್ ಈಗ ತೆಗೆದಿದ್ದಾರೆ. ನಾಟಕ ಮುಂದಿನ ತಿಂಗಳಿಗೆ ಹೋಗಿದೆ, ದಾರಿಯಸ್ ಅವನೇ. ಊರಿನ ಟೈಲರ್ ಹತ್ತಿರ ದಪ್ಪ ಬಟ್ಟೆಯಲ್ಲಿ ಮೀನಖಂಡದ ತನಕ ಬರುವ ಬೂಟು ಹೊಲಿಸಿ ಕೇಸರಿ ಬಣ್ಣ ಹಾಕಿಸಿದ್ದಾರೆ. ಅಟ್ಟೆಗೆ ಒಂದು ಪದರ ಚರ್ಮ ಮಾತ್ರ. ಎಡ ಯಾವುದು ಬಲ ಯಾವುದು ಎಂದು ಟೈಲರ್ ಕೇಳಿದರಂತೆ. ಯಾವುದಾದರೂ ನಡೆಯುತ್ತದೆ ಎಂದು ಹೇಳಿಸಿದ್ದೇನೆ.